ನೋಡೋರ ವೋಟು, ಎಣಿಸೋರ ಆಟ

ಟೀವಿ ಮುಂದೆ ಕೂತವರಿಗೆ ತಲೆ ಇಲ್ಲ ಅಂತಾರೆ. ಪಂಡಿತರು ಅಂತಾರೆ, ಪತ್ರಿಕೆಯವರು ಅಂತಾರೆ, ಚಳವಳಿಯ ನಮ್ಮ ಅಣ್ಣಂದಿರೂ ಅಂತಾರೆ. ಹಾಸ್ಟೆಲ್ಲಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಕೊರಿಯಾದ ಹಾಡು, ಕುಣಿತ, ಧಾರಾವಾಹಿ ನೋಡಿದರೆ 'ಕೆಟ್ಟು ಹೋದ್ರು' ಅಂತ ಮೂಗು ಮುರಿಯುತ್ತಾರೆ. ಅವರ ಮುಂದೆ ನಾವು ಒಂದು ಲೆಕ್ಕ ಇಡುತ್ತೇವೆ. ತಲೆ ಇಲ್ಲದವರು ಅನ್ನಿಸಿಕೊಂಡವರೇ ಮಾಡಿದ ಲೆಕ್ಕ ಇದು.

ದಕ್ಷಿಣ ಕೊರಿಯಾದ ಎಂನೆಟ್ ಚಾನೆಲ್ಲು 2016ರಲ್ಲಿ 'ಪ್ರೊಡ್ಯೂಸ್ 101' ಅನ್ನೋ ಸ್ಪರ್ಧೆ ಶುರು ಮಾಡಿತು. ಹಾಡು ಕುಣಿತದ ಕಂಪನಿಗಳಲ್ಲಿ ತರಬೇತಿಗಿದ್ದ 101 ಹುಡುಗಿಯರನ್ನು ತಂದು ನಿಲ್ಲಿಸಿದರು. ಕೂರಲು 101 ಕುರ್ಚಿ. ಅವನ್ನು ಸಮನಾಗಿ ಹಾಕಲಿಲ್ಲ, ಗೋಪುರದ ಹಾಗೆ ಹಾಕಿದರು. ತುದಿಯಲ್ಲಿ ಒಂದೇ ಕುರ್ಚಿ, ಕೆಳಗೆ ಇಳಿದಂತೆಲ್ಲ ಜನವೋ ಜನ. ಆಮೇಲೆ ಎ, ಬಿ, ಸಿ, ಡಿ, ಎಫ್ ಅಂತ ದರ್ಜೆ. ದರ್ಜೆಗೊಂದು ಬಣ್ಣದ ಅಂಗಿ. ದರ್ಜೆಯನ್ನು ಮೈಮೇಲೆ ಹೊತ್ತುಕೊಂಡು ನಾಲ್ಕು ಜನರ ಮುಂದೆ ಓಡಾಡೋದು ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ತೀರ್ಪು ಕೊಡೋರು ನೋಡುಗರೇ ಅಂದರು. ನೋಡುಗರಿಗೆ 'ರಾಷ್ಟ್ರದ ನಿರ್ಮಾಪಕರು' ಅಂತ ಬಿರುದು ಕೊಟ್ಟರು. ಬಿರುದು ಪುಕ್ಕಟೆ, ವೋಟಿಗೆ ಮಾತ್ರ ದುಡ್ಡು. ಕೊನೆಯ ಕಂತಿನಲ್ಲಿ ಒಂದು ಮೆಸೇಜಿಗೆ 100 ವಾನ್. ಜನ ಕೊಟ್ಟರು. ಮನೆಯ ಮಗಳು ಗೆಲ್ಲಲಿ ಅನ್ನೋ ಹಾಗೆ ಕೊಟ್ಟರು. ಆಟ ಲಾಭಕ್ಕೆ ಬಿತ್ತು. ವರ್ಷವರ್ಷವೂ ಹೊಸ ಸರಣಿ ಬಂತು. 2018ರಲ್ಲಿ ಚೀನಾದಲ್ಲೂ 2019ರಲ್ಲಿ ಜಪಾನಿನಲ್ಲೂ ಇದೇ ಆಟ ಹೂಡಿದರು. ಭಾಷೆ ಬದಲಾಯಿತು, ಮೆಟ್ಟಿಲು ಮಾತ್ರ ಅವೇ ಉಳಿದವು.

2019ರ ಜುಲೈ 19. ಕೊರಿಯಾದಲ್ಲಿ ನಾಲ್ಕನೆಯ ಸರಣಿಯ ಕೊನೆಯ ಕಂತು. 20 ಹುಡುಗರಲ್ಲಿ 11 ಮಂದಿ ಗೆದ್ದರು. ವೋಟಿನ ಸಂಖ್ಯೆಗಳು ತೆರೆಯ ಮೇಲೆ ಬಂದವು. ನೋಡುಗರು ಒಂದರಲ್ಲಿ ಒಂದನ್ನು ಕಳೆದು ನೋಡಿದರು. ಒಂದನೆಯವನಿಗೂ ಎರಡನೆಯವನಿಗೂ ಅಂತರ 29,978. ಮೂರನೆಯವನಿಗೂ ನಾಲ್ಕನೆಯವನಿಗೂ 29,978. ಹೀಗೆ ಐದು ಕಡೆ ಅದೇ 29,978! ಲಕ್ಷಾಂತರ ಜನ ಅವರವರ ಮನೆಯಲ್ಲಿ ಕೂತು ಅವರವರ ಮನಸ್ಸಿಗೆ ಬಂದಂತೆ ಒತ್ತಿದ ವೋಟು ಐದು ಸಲ ಒಂದೇ ಅಳತೆಗೆ ಬಂದು ನಿಲ್ಲುತ್ತದೆಯೆ? ಮಳೆಯನ್ನು ಸೇರಿನಲ್ಲಿ ಅಳೆದು ಸುರಿದರು ಅಂದರೆ ನಂಬೋಣವೆ?

ಇದು ಕಳೆಯೋ ಲೆಕ್ಕ. ಮೂರನೇ ಕ್ಲಾಸಿನ ಲೆಕ್ಕ. ಇದನ್ನು ಯಾವ ಪ್ರೊಫೆಸರೂ ಕಂಡುಹಿಡಿಯಲಿಲ್ಲ, ಯಾವ ವಿಮರ್ಶಕನೂ ಬರೆಯಲಿಲ್ಲ. ಪಟ ಅಂಟಿಸಿಕೊಂಡು ಅಳೋರು ಅಂತ ಊರೆಲ್ಲ ನಕ್ಕ ಅಭಿಮಾನಿಗಳೇ ಕಂಡುಹಿಡಿದರು. ಚಾನೆಲ್ಲು ಏನಂದಿತು? ಶೇಕಡಾ ಲೆಕ್ಕದಲ್ಲಿ ಚೂರು ಹೆಚ್ಚುಕಡಿಮೆಯಾಗಿದೆ, ಸ್ಥಾನ ಏನೂ ಬದಲಾಗಿಲ್ಲ ಅಂದಿತು. ನೋಡುಗರು ಬಿಡಲಿಲ್ಲ. ವಕೀಲರನ್ನು ಹಿಡಿದು ಆಗಸ್ಟಿನಲ್ಲಿ ದೂರು ಕೊಟ್ಟರು. ನವೆಂಬರಿನಲ್ಲಿ ನಿರ್ಮಾಪಕ ಆನ್ ಜೂನ್-ಯಂಗ್ ಬಂಧನವಾಯಿತು. 2020ರ ಮೇ ತಿಂಗಳಲ್ಲಿ ಸೋಲ್ ನ್ಯಾಯಾಲಯ ಅವನಿಗೆ ಎರಡು ವರ್ಷ ಜೈಲು ವಿಧಿಸಿತು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಬಯಲಾದದ್ದು ಒಂದೇ ಸರಣಿಯ ಮೋಸವಲ್ಲ. ನಾಲ್ಕರಲ್ಲೂ ಕೈಯಾಡಿಸಿದ್ದರು. ಕೊನೆಯ ಎರಡರಲ್ಲಂತೂ ಜನ ಕೊನೆಯ ವೋಟು ಹಾಕುವ ಮೊದಲೇ ಗೆಲ್ಲೋರ ಪಟ್ಟಿ ತಯಾರಿತ್ತು. ಪಟ್ಟಿ ಬರೆದಿಟ್ಟುಕೊಂಡು, ಬನ್ನಿ ಬನ್ನಿ, ವೋಟು ಹಾಕಿ, ನಿಮ್ಮ ಕೈಲಿದೆ ಇವರ ಬಾಳು ಅಂತ ಕೂಗಿದರು! ತರಬೇತಿ ಕಂಪನಿಗಳ ದುಡ್ಡಿನಲ್ಲಿ ಈ ನಿರ್ಮಾಪಕ ಬಾರುಗಳಲ್ಲಿ ಕುಡಿದದ್ದೂ ಕೋರ್ಟಿನಲ್ಲಿ ಸಾಬೀತಾಯಿತು.

ಇದರಲ್ಲಿ ಯಾರ ಅನ್ನ ಹೋಯಿತು? 2020ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ 12 ಹೆಸರುಗಳನ್ನು ಬಹಿರಂಗವಾಗಿ ಹೇಳಿತು. ವೋಟು ತಿದ್ದಿ ಹೊರಗೆ ತಳ್ಳಿದ 12 ಮಂದಿ ಹುಡುಗ ಹುಡುಗಿಯರು. ಮೊದಲ ಸರಣಿಯವರಿಗೆ ಆ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಅಷ್ಟು ಕಾಲ ಅವರು ಏನಂದುಕೊಂಡಿರಬೇಕು? ನಮ್ಮಲ್ಲೇ ಕೊರತೆ ಇತ್ತು, ಜನಕ್ಕೆ ನಾವು ಬೇಡವಾದೆವು ಅಂತ. ಇದು ಎಲ್ಲಕ್ಕಿಂತ ಕ್ರೂರ. ಕೊಳ್ಳೆ ಹೊಡೆದವನು ಕೊಳ್ಳೆ ಹೋದವನ ತಲೆಯೊಳಗೇ ತಪ್ಪನ್ನು ಇಟ್ಟು ಹೋದ. ಇತ್ತ ಗೆದ್ದವರ ಎಕ್ಸ್‌ಒನ್ ತಂಡವೂ ಐದು ತಿಂಗಳು ಬಾಳಲಿಲ್ಲ. 2020ರ ಜನವರಿಯಲ್ಲಿ ಒಡೆಯಿತು. ಕದ್ದವನು ಒಬ್ಬ, ಮಸಿ ಮೆತ್ತಿದ್ದು ಮಕ್ಕಳ ಮುಖಕ್ಕೆ.

ಅಲ್ಲಿನ ಸಂಸದ ಹಾ ತೇ-ಕ್ಯೊಂಗ್ ಇದನ್ನು ನೇಮಕಾತಿ ಮೋಸ ಅಂತ ಕರೆದ. ಸರಿಯಾದ ಹೆಸರು. ಮನೆಗೆ ಮೊದಲ ಡಿಗ್ರಿ ತಂದು, ಸೆಲೆಕ್ಷನ್ ಲಿಸ್ಟಿನ ಮುಂದೆ ಹೆಸರು ಹುಡುಕುತ್ತ ನಿಂತ ನಮಗೆ ಇದು ಬರೀ ಮನರಂಜನೆಯ ಸುದ್ದಿ ಆಗಲಾರದು.

ಚೀನಾದ ಕತೆ ಇನ್ನೊಂದು ಬಗೆ. 2021ರ 'ಯೂತ್ ವಿತ್ ಯೂ' ಸ್ಪರ್ಧೆಯಲ್ಲಿ ವೋಟನ್ನು ಹಾಲಿನ ಬಾಟಲಿಯ ಮುಚ್ಚಳದೊಳಗೆ ಇಟ್ಟರು. ಎಷ್ಟು ಬಾಟಲಿಯೋ ಅಷ್ಟು ವೋಟು. ಮುಚ್ಚಳ ಕಿತ್ತು ಹಾಲನ್ನು ಚರಂಡಿಗೆ ಸುರಿಯುವ ಚಿತ್ರ ದೇಶವೆಲ್ಲ ಹರಡಿತು. ಸರಕಾರ ಕೊನೆಯ ಕಂತನ್ನೇ ತಡೆಯಿತು. ಸೆಪ್ಟೆಂಬರಿನಲ್ಲಿ ಇಂಥ ಸ್ಪರ್ಧೆಗಳೇ ಬೇಡ ಅಂದಿತು. ಕೊರಿಯಾದಲ್ಲಿ ನೋಡುಗರ ಮಾತನ್ನು ಧಣಿ ಕದ್ದ. ಚೀನಾದಲ್ಲಿ ಧಣಿ ಮಾರಿದ, ದೊರೆ ಬಾಯಿ ಮುಚ್ಚಿಸಿದ. ಎಣಿಕೆಯನ್ನು ಜನರ ಮುಂದೆ ಬಿಚ್ಚಿಡೋಣ ಅನ್ನೋ ಮಾತು ಇಬ್ಬರ ಬಾಯಲ್ಲೂ ಮೊದಲಿಗೆ ಬರಲಿಲ್ಲ.

ಆದ್ದರಿಂದ ಅಣ್ಣಂದಿರೇ, ನೋಡಬೇಡಿ ಅಂತ ನಮಗೆ ಹೇಳಬೇಡಿ. ನೋಡುತ್ತೇವೆ, ಇಷ್ಟಪಡುತ್ತೇವೆ, ಬೇಕಾದರೆ ಅಳುತ್ತೇವೆ. ಅತ್ತವರ ಕೈಯಲ್ಲೇ ಪೆನ್ನೂ ಇರುತ್ತದೆ. ನಮ್ಮ ಅಭಿಪ್ರಾಯ ಕೇಳಿದವನು, ಅದಕ್ಕೆ ದುಡ್ಡು ಹಿಡಿದವನು, ಲೆಕ್ಕ ತೋರಿಸಲೇಬೇಕು. ಎಷ್ಟು ವೋಟು ಬಂತು, ಯಾರು ಎಣಿಸಿದರು, ಎಣಿಸುವಾಗ ಹೊರಗಿನವರು ಯಾರಿದ್ದರು? ಇದನ್ನು ಕೇಳೋ ಹಕ್ಕು 100 ವಾನ್ ಕೊಟ್ಟವನಿಗೂ ಉಂಟು, ದುಡ್ಡಿಲ್ಲದೆ ಬರೀ ನೋಡಿದವನಿಗೂ ಉಂಟು.

ಹಳ್ಳಿ ಸ್ಕೂಲಿನ ಮೇಷ್ಟ್ರೇ, ನಾಳೆ ಮಕ್ಕಳಿಗೆ ಕಳೆಯೋ ಲೆಕ್ಕ ಹೇಳಿಕೊಡುವಾಗ ಬೋರ್ಡಿನ ಮೇಲೆ 29,978 ಅಂತ ಬರೆಯಿರಿ. ಐದು ಸಲ ಬರೆಯಿರಿ. ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಹೇಳಿ.