ಓಡಿಹೋಗೋಕೆ ಓಡಲೇಬೇಕಾ?

ನಮ್ಮ ಪೇಪರುಗಳಲ್ಲಿ "ಪ್ರೇಮಿಗಳು ಪರಾರಿ" ಅಂತ ಸುದ್ದಿ ಬರುತ್ತಲ್ಲ, ಎಲೋಪ್‌ಮೆಂಟ್ ಅಂದರೆ ಅಷ್ಟೇ ಅಂದುಕೊಂಡಿದ್ದರೆ ನೀವು ಹಳೇ ಕಾಲದವರು ಅಂತ ಅರ್ಥ :) ಅಮೆರಿಕದಲ್ಲಿ ಈಗ ಅದು ಮನೆಯವರ ಕಣ್ಣು ತಪ್ಪಿಸಿ ಮಾಡೋ ಕೆಲಸವಾಗಿ ಉಳಿದಿಲ್ಲ. ಛತ್ರ ಬೇಡ, ಸಾವಿರ ಎಲೆ ಊಟ ಬೇಡ, ಸ್ಟೇಜ್ ಹತ್ತಿ ಕವರ್ ಕೊಡೋ ಕ್ಯೂ ಬೇಡ ಅಂತ ಎಲ್ಲರಿಗೂ ಹೇಳಿಯೇ, ಏಳೆಂಟು ಜನರನ್ನು ಕರೆದುಕೊಂಡು ಇಷ್ಟವಾದ ಜಾಗದಲ್ಲಿ ಮದುವೆಯಾಗೋದು. ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿರ್ತಾರೆ. ಯಾರೂ ಎಲ್ಲಿಗೂ ಓಡಲ್ಲ. (ಇದಕ್ಕೊಂದು ಕನ್ನಡ ಪದ ಬೇಕು. ನಾನು ಸದ್ಯಕ್ಕೆ "ಪುಟ್ಟ ಮದುವೆ" ಅಂತಿದ್ದೀನಿ.)

ಪುಟ್ಟ ಮದುವೆ ಮೇಲೆ ನನಗೇನೂ ತಕರಾರಿಲ್ಲ. ತಕರಾರು ಇರೋದು ಅದನ್ನು ಮಾರೋರ ಮೇಲೆ. ಕೊಲರಾಡೋ ಕಡೆಯ ಮದುವೆ ಫೋಟೋಗ್ರಾಫರುಗಳ ಸೈಟುಗಳನ್ನು ಒಂದು ಅರ್ಧ ಗಂಟೆ ನೋಡಿ. ಮದುಮಗಳು ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಾಲಿಗೆ ಟ್ರೆಕ್ಕಿಂಗ್ ಬೂಟು ಹಾಕಿಕೊಂಡು, ಬಂಡೆಯಿಂದ ಬಂಡೆಗೆ ದಾಟುತ್ತಿರ್ತಾಳೆ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಸ್ಕೈ ಪಾಂಡ್ ಅಂತೊಂದು ಸರೋವರ ಇದೆ. ಎತ್ತರ ಸುಮಾರು 10,900 ಅಡಿ, ಹೋಗಿಬರೋಕೆ ಒಂಬತ್ತು ಮೈಲಿಯಷ್ಟು ನಡಿಗೆ. ಅದೂ ಸಾಲದು ಅಂತ ಜಲಪಾತದ ಪಕ್ಕದ ಬಂಡೆಯನ್ನು ಕೈಕಾಲು ಊರಿ ಹತ್ತಬೇಕು. ಅಂಥ ಜಾಗದ ಫೋಟೋ ಹಾಕಿ, ಬೆವರು ಸುರಿಸಿ ತಲುಪಿದರೇನೇ ಪ್ರೀತಿ ನಿಜವಾದದ್ದು ಅನ್ನೋ ಧಾಟಿಯಲ್ಲಿ ಕೆಳಗೆ ಎರಡು ಸಾಲು. ಕಾರು ನಿಲ್ಲಿಸಿ ಐದು ನಿಮಿಷಕ್ಕೆ ಸಿಗೋ ಕೆರೆಗಳು ಅವರ ಲೆಕ್ಕದಲ್ಲಿ ಎರಡನೇ ದರ್ಜೆ.

ನನ್ನ ಚಿಕ್ಕಮ್ಮನ ಮಗಳು ಡೆನ್ವರಿನಲ್ಲಿದ್ದಾಳೆ. ಅವಳು ಮದುವೆಯಾಗೋ ಹುಡುಗ ಹಾಸನದ ಕಡೆಯವನು. ಬೈಕ್ ಆಕ್ಸಿಡೆಂಟ್ ಆದಮೇಲೆ ವೀಲ್‌ಚೇರಿನಲ್ಲೇ ಓಡಾಟ. ಬೆಟ್ಟದ ನಡುವೆ, ನೀರಿನ ಪಕ್ಕ, ಹತ್ತು ಜನರೊಳಗೆ ಮದುವೆ ಆಗಬೇಕು ಅಂತ ಇಬ್ಬರದ್ದೂ ಆಸೆ. ಫೋಟೋಗ್ರಾಫರ್ ಒಬ್ಬನ ಹತ್ತಿರ ಮಾತಾಡಿದಾಗ ಅವನು ಕೊಟ್ಟ ಸಲಹೆ ಕೇಳಿ: ನಾಲ್ಕು ಜನ ಗಟ್ಟಿಮುಟ್ಟಾದ ಗೆಳೆಯರನ್ನು ಕರೀರಿ, ಎತ್ತಿಕೊಂಡು ಹೋಗೋಣ, ಫೋಟೋದಲ್ಲಿ ತುಂಬಾ ಭಾವುಕವಾಗಿ ಬರುತ್ತೆ!

ಹುಡುಗ ಹೇಳಿದ್ದು ಒಂದೇ ಮಾತು. "ನನ್ನ ಮದುವೆಗೆ ನಾನು ಲಗೇಜ್ ಥರ ಹೋಗಲ್ಲ."

ನಮ್ಮಲ್ಲೂ ಪಲ್ಲಕ್ಕಿ ಇತ್ತಲ್ಲ ಅಂತ ಯಾರಾದರೂ ಕೇಳಬಹುದು. ಪಲ್ಲಕ್ಕಿಯಲ್ಲಿ ಕೂತವನು ಬೇಕೆಂದಾಗ ಇಳಿಯಬಹುದು ಸ್ವಾಮೀ. ಇಲ್ಲಿ ಯಾವಾಗ ಎತ್ತಬೇಕು, ಎಲ್ಲಿ ಇಳಿಸಬೇಕು, ಯಾವ ಕೋನದಿಂದ ಕಣ್ಣೀರು ಚೆನ್ನಾಗಿ ಕಾಣುತ್ತೆ ಅನ್ನೋದೆಲ್ಲ ಬೇರೆಯವರ ಕೈಲಿ. ಮದುವೆ ಗಂಡು ಬರೀ ಮೂಟೆ. ಅಷ್ಟಕ್ಕೂ ಈ ಸರ್ಕಸ್ ಮಾಡೋ ಅಗತ್ಯವೇ ಇಲ್ಲ ಅನ್ನೋದು ನನ್ನ ಸಿಟ್ಟಿಗೆ ಮುಖ್ಯ ಕಾರಣ. ಅದೇ ಪಾರ್ಕಿನಲ್ಲಿ ಸ್ಪ್ರೇಗ್ ಲೇಕ್ ಇದೆ!

ಎಸ್ಟೆಸ್ ಪಾರ್ಕ್ ಊರಿನಿಂದ ಬೇರ್ ಲೇಕ್ ರಸ್ತೆಯಲ್ಲಿ ಹೋದರೆ ಸಿಗುತ್ತೆ. ಎತ್ತರ ಸುಮಾರು 8,700 ಅಡಿ. ಪಾರ್ಕಿಂಗ್ ಪಕ್ಕದಲ್ಲೇ ನೀರು. ಕೆರೆಯ ಸುತ್ತ ಅರ್ಧ ಮೈಲಿಯ ಸಮತಟ್ಟಾದ ದಾರಿ, ಗಟ್ಟಿಯಾಗಿ ಕೂತ ಜಲ್ಲಿಮಣ್ಣು, ಅಲ್ಲಲ್ಲಿ ಮರದ ಹಲಗೆ. ವೀಲ್‌ಚೇರ್ ಇಡೀ ಸುತ್ತು ಹೋಗಿಬರುತ್ತೆ. ಟಾಯ್ಲೆಟ್ಟೂ ವೀಲ್‌ಚೇರಿಗೆ ಆಗೋ ಥರದ್ದೇ. ರಾತ್ರಿ ಟೆಂಟ್ ಹಾಕಿ ಉಳಿಯೋಕೆ ವೀಲ್‌ಚೇರಿನವರಿಗಾಗಿಯೇ ಒಂದು ಕ್ಯಾಂಪ್ ಜಾಗ ಕೂಡ ಹತ್ತಿರದಲ್ಲಿದೆ. ನೀರಿನಾಚೆ ಪಶ್ಚಿಮಕ್ಕೆ 12,700 ಅಡಿ ದಾಟಿದ ಹ್ಯಾಲೆಟ್ ಪೀಕ್, ಅದರ ಪಕ್ಕ ಫ್ಲಾಟ್‌ಟಾಪ್. ಬೆಳಗಿನ ಬಿಸಿಲು ಮೊದಲು ಬೀಳೋದು ಆ ತುದಿಗಳ ಮೇಲೆ, ಗಾಳಿ ಇಲ್ಲದಿದ್ದರೆ ಅದೆಲ್ಲ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತೆ. ಇದಕ್ಕಿಂತ ಏನು ಬೇಕು? ಪಾರ್ಕಿನವರೇ ಮದುವೆಗೆ ಅಂತ ಗೊತ್ತುಮಾಡಿರೋ ಜಾಗಗಳಲ್ಲಿ ಇದೂ ಒಂದು. ಪರವಾನಗಿ ಮಾತ್ರ ಮೊದಲೇ ತಗೋಬೇಕು.

"ಅದು ಅಸಲಿ ಸರೋವರ ಅಲ್ಲ, ಮನುಷ್ಯ ಮಾಡಿದ್ದು" ಅನ್ನೋ ಶುದ್ಧಾಚಾರಿಗಳೂ ಇದ್ದಾರೆ. ನಿಜ. ಪಾರ್ಕ್ ಆಗಿದ್ದು 1915ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಅಲ್ಲಿ ನೆಲೆಸಿದ್ದ ಏಬ್ನರ್ ಸ್ಪ್ರೇಗ್ ಅನ್ನೋ ಮನುಷ್ಯ, ತನ್ನ ಲಾಡ್ಜಿಗೆ ಬರೋರು ಮೀನು ಹಿಡಿಯಲಿ ಅಂತ ತೊರೆಗೆ ಅಡ್ಡ ಕಟ್ಟೆ ಹಾಕಿ ನೀರು ನಿಲ್ಲಿಸಿದ. ಲಾಡ್ಜ್ ಈಗಿಲ್ಲ, ನೀರಿದೆ. ಇದನ್ನು ಕೇಳಿ ಮೂಗು ಮುರಿಯೋಕೆ ಕನ್ನಡದವರಿಗಂತೂ ಹಕ್ಕಿಲ್ಲ ಕಣ್ರೀ. ಏರಿ ಕಟ್ಟಿ ನೀರು ನಿಲ್ಲಿಸಿದ್ದಕ್ಕೆ ತಾನೇ ನಾವು ಕೆರೆ ಅನ್ನೋದು? ಹಾಗೆ ನೋಡಿದರೆ ಆ ಪಾರ್ಕಿನಲ್ಲಿ ನಮ್ಮ ಭಾಷೆಯಲ್ಲಿ ಕೆರೆ ಅನ್ನಿಸಿಕೊಳ್ಳೋ ಯೋಗ್ಯತೆ ಇರೋದು ಇದಕ್ಕೇ.

ಜನಜಂಗುಳಿ ಅನ್ನೋ ಆಕ್ಷೇಪಣೆ ಮಾತ್ರ ಸುಳ್ಳಲ್ಲ. ಜುಲೈ ತಿಂಗಳ ಶನಿವಾರ ಮಧ್ಯಾಹ್ನ ಹೋದರೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೆನಪಾದೀತು. ಜೊತೆಗೆ ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಮಾಮೂಲು. ಆದರೆ ವಾರದ ಮಧ್ಯದ ದಿನ, ಸೂರ್ಯ ಹುಟ್ಟೋ ಹೊತ್ತಿಗೆ ಹೋಗೋಕೆ ಯಾರು ಬೇಡ ಅಂದರು? ಬೇಸಿಗೆಯಲ್ಲಿ ಆ ರಸ್ತೆಗೆ ಹೊತ್ತು ಗೊತ್ತುಮಾಡಿ ಮೊದಲೇ ಬುಕ್ ಮಾಡೋ ಪದ್ಧತಿ 2025ರಲ್ಲೂ ಇತ್ತು. ಬೇರೆ ಜಾಗ ಬೇಕು ಅನ್ನೋರಿಗೆ ಹೆದ್ದಾರಿ ಪಕ್ಕದಲ್ಲೇ ಲಿಲಿ ಲೇಕ್ ಇದೆ, ಅದರ ಸುತ್ತಿನ ದಾರಿಯೂ ವೀಲ್‌ಚೇರಿಗೆ ಆಗುತ್ತೆ.

ಇನ್ನೊಂದು ಮೋಸ "ಈಸಿಲಿ ಆಕ್ಸೆಸಿಬಲ್" ಅನ್ನೋ ಮಾತಿನದು. ಅನೇಕ ಕಡೆ ಅದರರ್ಥ "ನನ್ನಂಥ ಮೂವತ್ತು ವರ್ಷದವನಿಗೆ ಎರಡೇ ಮೈಲಿ" ಅಂತ. ಆ ಪದ ಕಂಡ ತಕ್ಷಣ ಪ್ರಶ್ನೆ ಕೇಳಬೇಕು. ದಾರಿ ಜಲ್ಲಿಯೋ, ಮರಳೋ, ಬೇರುಗಳೋ? ಮೆಟ್ಟಿಲು ಒಂದಾದರೂ ಇದೆಯಾ? ಅಮೆರಿಕದ ಕಟ್ಟಡಗಳಲ್ಲಿ ವೀಲ್‌ಚೇರ್ ರ‍್ಯಾಂಪಿಗೆ 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರು ಇರಬಾರದು ಅಂತ ನಿಯಮ. ಅದಕ್ಕಿಂತ ಕಡಿದಾದ ದಾರಿಯನ್ನು "ಸ್ವಲ್ಪ ಏರು" ಅಂತ ಹೇಳೋನ ಕೈಲಿ ಒಮ್ಮೆ ಕುರ್ಚಿಯ ಚಕ್ರ ತಿರುಗಿಸಿ ನೋಡೋಕೆ ಹೇಳಿ.

ಸುಲಭದ ಕೆರೆ ವೀಲ್‌ಚೇರಿನವರಿಗೆ ಮಾತ್ರ ಅಂತಲ್ಲ. ನಮ್ಮ ಚಿಕ್ಕಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಅವರು 3,000 ಅಡಿಯ ಬೆಂಗಳೂರಿನಿಂದ ಬರೋರು. ಸ್ಪ್ರೇಗ್ ಲೇಕೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎರಡು ಸಾವಿರಕ್ಕೂ ಹೆಚ್ಚು ಅಡಿ ಮೇಲಿದೆ, ಒಂದು ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ. ಡೆನ್ವರಿನಲ್ಲಿ ಎರಡು ದಿನ, ಎಸ್ಟೆಸ್ ಪಾರ್ಕಿನಲ್ಲಿ ಒಂದು ದಿನ ಉಳಿದು ಮೇಲೆ ಹೋಗಿ ಅಂತ ನಾನು ಹೇಳಿದ್ದೀನಿ. ಹತ್ತೇ ಜನ ಕರೆಯೋ ಮದುವೆಯಲ್ಲಿ ಹೆತ್ತ ತಾಯಿ ಕೆಳಗೆ ಕಾರಿನಲ್ಲಿ ಕೂತಿದ್ದರೆ ಅದ್ಯಾವ ಸೀಮೆ ಆಪ್ತತೆ?

ಕೊಲರಾಡೋದ ಕಾನೂನಿಗೆ ಮಾತ್ರ ಭೇಷ್ ಅನ್ನಬೇಕು. ಅಲ್ಲಿ ಪುರೋಹಿತ, ಪಾದ್ರಿ, ಜಡ್ಜ್ ಯಾರೂ ಬೇಕಿಲ್ಲ, ಸಾಕ್ಷಿ ಕೂಡ ಬೇಡ. ಕೌಂಟಿ ಕಚೇರಿಯಲ್ಲಿ 30 ಡಾಲರ್ ಕೊಟ್ಟು ಲೈಸೆನ್ಸ್ ತಗೊಂಡು, 35 ದಿನದೊಳಗೆ ಮದುವೆಯಾಗಿ, ತಾವಿಬ್ಬರೇ ಸಹಿ ಹಾಕಿ, 63 ದಿನದೊಳಗೆ ವಾಪಸ್ ಕೊಟ್ಟರೆ ಮುಗೀತು. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸು, ಮೂರು ಸಾಕ್ಷಿ ನೆನೆಸಿಕೊಳ್ಳಿ. ಕಾನೂನೇ ಇಷ್ಟು ಸಲೀಸು ಮಾಡಿಕೊಟ್ಟಿರುವಾಗ ಫೋಟೋಗ್ರಾಫರ್ ಯಾಕೆ ಬೆಟ್ಟ ಹತ್ತಿಸಬೇಕು?

ಸೆಪ್ಟೆಂಬರ್ ಕೊನೆಯ ಒಂದು ಬುಧವಾರ, ಬೆಳಗ್ಗೆ ಏಳರ ಸುಮಾರಿಗೆ, ಸ್ಪ್ರೇಗ್ ಲೇಕ್ ಅಂತ ಇಬ್ಬರೂ ಗೊತ್ತುಮಾಡಿಕೊಂಡಿದ್ದಾರೆ. ಪರವಾನಗಿಗೆ ಅರ್ಜಿ ಹೋಗಿದೆ. ಫೋಟೋಗ್ರಾಫರ್ ಬದಲಾಗಿದ್ದಾನೆ. ಪಾರ್ಕಿನಲ್ಲಿ ಅಕ್ಕಿ ಎರಚೋ ಹಾಗಿಲ್ಲವಾದ್ದರಿಂದ ಅಕ್ಷತೆ ಎಸ್ಟೆಸ್ ಪಾರ್ಕಿನ ಬಾಡಿಗೆ ಮನೆಯ ಒಳಗೇ ಆಗಬೇಕು, ಅದಕ್ಕೆ ಚಿಕ್ಕಮ್ಮ ಒಪ್ಪಿದ್ದಾರೆ. ಆದರೆ ಆ ಬುಧವಾರ ಪಂಚಾಂಗದಲ್ಲಿ ಮುಹೂರ್ತ ಇಲ್ಲವಂತೆ. ಹಾಗಂತ ನಿನ್ನೆ ರಾತ್ರಿ ಮುಕ್ಕಾಲು ಗಂಟೆ ಫೋನಿನಲ್ಲಿ ಜಗಳ ನಡೀತು, ಇವತ್ತೂ ಮುಂದುವರಿಯುತ್ತೆ.