ಅಪ್ಪನಿಗೊಂದು ಗೂಡಿನ ಹೂವು
1910ರಲ್ಲಿ ಅಮೆರಿಕದ ಸ್ಪೋಕೇನ್ ನಗರದಲ್ಲಿ ಆರಂಭವಾಗಿ, ಈಗ ಜೂನ್ ತಿಂಗಳ ಮೂರನೆಯ ಭಾನುವಾರ ಇಲ್ಲಿಯೂ ರೂಢಿಗೆ ಬಂದಿರುವ ಅಪ್ಪಂದಿರ ದಿನಕ್ಕೆ ಮಕ್ಕಳು ಕೈಯಾರೆ ಮಾಡಬಹುದಾದ ಉಡುಗೊರೆಗಳ ಸಾಮಗ್ರಿಯನ್ನು ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣಗಳ ಜನ ಹೊರಗಿನಿಂದ ತರಬೇಕಿಲ್ಲ. ಈ ಭಾಗದ ಬಿತ್ತನೆ ಕೋಠಿಗಳಲ್ಲಿ, ಎಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ, ಚಿಟ್ಟೆ ತೂತು ಮಾಡಿ ಹೊರಬಂದ ಮೇಲೆ ಉಳಿಯುವ ಗೂಡಿನ ನೂರಾರು ಮೀಟರ್ ಉದ್ದದ ಒಂದೇ ಎಳೆ ಅಖಂಡವಾಗಿ ಸಿಗದ ಕಾರಣ, ಅದು ನೂಲು ಬಿಚ್ಚಾಣಿಕೆಗೆ, ಅಂದರೆ ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವ ಕೆಲಸಕ್ಕೆ, ಒದಗುವುದಿಲ್ಲ. ಇಂಥ ಗೂಡನ್ನು ಕತ್ತರಿಯಿಂದ ತುದಿಯಿಂದ ನಡುವಿನವರೆಗೆ ಐದು ಸೀಳಾಗಿ ಕತ್ತರಿಸಿ, ಎಸಳುಗಳನ್ನು ಹೊರಕ್ಕೆ ಬಾಗಿಸಿ, ಬಣ್ಣದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ ತಂತಿಗೆ ಸಿಕ್ಕಿಸಿದರೆ ಬಾಡದ ಹೂವಾಗುತ್ತದೆ. ಸೂಜಿಯಿಂದ ಪೋಣಿಸಿದರೆ ಹಾರವಾಗುತ್ತದೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ತಿರುಗಣೆಗೆ ಕಟ್ಟಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಉಜ್ಜುವಿಕೆಯ ಬಿಸಿಗೆ ಕರಗಿದ ಬಣ್ಣ ಹಿಡಿಸುವುದು ನುರಿತ ಕುಶಲಕರ್ಮಿಗಳ ಕೆಲಸವೇ ಆದರೂ, ಹಾಗೆ ಸಿದ್ಧವಾದ ಮಣಿಗಳನ್ನು ಗಟ್ಟಿ ದಾರದಲ್ಲಿ ಪೋಣಿಸಿ ಬೀಗದಕೈ ಗೊಂಚಲು ಮಾಡುವುದು ಎಂಟು ವರ್ಷದ ಮಗುವಿಗೂ ಸಾಧ್ಯ. ಅಪ್ಪ ದುಡಿಯುವ ಕಸುಬಿನ ವಸ್ತುವಿನಿಂದಲೇ ಉಡುಗೊರೆ ಮಾಡುವ ಮಗು ಆ ಕಸುಬಿನ ಶ್ರಮವನ್ನೂ ಅರಿಯುವುದರಿಂದ, ಅಂಗಡಿಯ ಶುಭಾಶಯ ಪತ್ರಕ್ಕಿಂತ ಇದರ ಬೆಲೆ ಹೆಚ್ಚು.