ದಾನದ ಸೈಕಲ್ಲು, ಸ್ಪರ್ಧೆಯ ಸೈಕಲ್ಲು

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಆಗಾಗ ಕಾಣಸಿಗುವ ಒಂದು ದೃಶ್ಯ ಓದುಗರಿಗೆಲ್ಲ ಪರಿಚಿತ. ಶಾಮಿಯಾನದ ನೆರಳಲ್ಲಿ ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ಲುಗಳ ಸಾಲು. ಅವುಗಳಲ್ಲಿ ಕುಳಿತ ನಮ್ಮ ಅಂಗವಿಕಲ ಬಂಧುಗಳು. ಹ್ಯಾಂಡಲ್ ಮೇಲೆ ಕೈಯಿಟ್ಟು ಛಾಯಾಚಿತ್ರಕ್ಕೆ ನಿಂತ ಗಣ್ಯರು. ಕೊಡುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಈ ಸೈಕಲ್ಲನ್ನು ಪಡೆದವನು ಅದನ್ನು ಎಷ್ಟು ವೇಗವಾಗಿ ಓಡಿಸಬಲ್ಲನೆಂದು ಆ ವೇದಿಕೆಯಿಂದ ಒಬ್ಬರಾದರೂ ಕೇಳಿದ್ದುಂಟೆ? ಕೊಟ್ಟವರಿಗೆ ಅದು ದಾನ, ಪಡೆದವನಿಗೆ ಋಣ. ಅದು ಪಂದ್ಯದ ಸಾಧನವೂ ಆಗಬಹುದೆಂಬ ಯೋಚನೆ ನಮಗಿನ್ನೂ ಬಂದಿಲ್ಲ.

(ನಾನು 'ಅಂಗವಿಕಲ' ಎಂಬ ಹಳೆಯ ಪದವನ್ನೇ ಬಳಸುತ್ತಿದ್ದೇನೆ. ಇತ್ತೀಚೆಗೆ ಚಾಲ್ತಿಗೆ ಬಂದ 'ವಿಕಲಚೇತನ' ಎಂಬುದು ನನಗೆ ಒಗ್ಗದು. ವಿಕಲವಾದುದು ಅಂಗವೇ ಹೊರತು ಚೇತನವಲ್ಲ.)

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಆಂಧ್ರಪ್ರದೇಶದ ಅರ್ಷದ್ ಶೇಖ್ ಹಾಗೂ ಮಹಾರಾಷ್ಟ್ರದ ಜ್ಯೋತಿ ಗಡೇರಿಯಾ ಸೈಕಲ್ ಸ್ಪರ್ಧೆಗಿಳಿದರು. ಇಬ್ಬರೂ ಒಂದು ಕಾಲನ್ನು ಕಳೆದುಕೊಂಡವರು. ಪ್ಯಾರಾಲಿಂಪಿಕ್ಸ್‌ನ ಸೈಕಲ್ ಪಂದ್ಯಗಳಲ್ಲಿ ಭಾರತ ಕಾಣಿಸಿಕೊಂಡದ್ದು ಅದೇ ಮೊದಲು. ಪದಕ ಬರಲಿಲ್ಲವಾದ್ದರಿಂದ ಪತ್ರಿಕೆಗಳಲ್ಲಿ ಸುದ್ದಿಯೂ ಹೆಚ್ಚು ಬರಲಿಲ್ಲ. ಇಬ್ಬರನ್ನೂ ಬೆಳೆಸಿದ್ದು ಹೈದರಾಬಾದಿನ ಆದಿತ್ಯ ಮೆಹ್ತಾ ಪ್ರತಿಷ್ಠಾನ. ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡ ಮೆಹ್ತಾ ಅವರು 2013ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಎರಡು ಬೆಳ್ಳಿ ಪದಕ ಗೆದ್ದವರು. ಹೈದರಾಬಾದ್ ಒಂದು ಕಾಲಕ್ಕೆ ನಮ್ಮ ಸೀಮೆಯ ರಾಜಧಾನಿ. ಇಂದಿಗೂ ಮದುವೆಯ ಜವಳಿಗೆ, ದೊಡ್ಡ ಆಸ್ಪತ್ರೆಗೆ ನಾವು ಅಲ್ಲಿಗೆ ಹೋಗಿಬರುತ್ತೇವೆ. ಅಲ್ಲಿಂದ ಇದನ್ನು ಮಾತ್ರ ತರಲಿಲ್ಲ.

ಅರ್ಷದ್ ಮತ್ತು ಜ್ಯೋತಿ ಭಾಗವಹಿಸಿದ ಪಂದ್ಯಗಳಲ್ಲಿ 'ಟೈಂ ಟ್ರಯಲ್' ಒಂದು. ಇಳಿಜಾರಾಗಿ ಎತ್ತರಿಸಿದ ಅಂಡಾಕಾರದ ಮರದ ಪಥ, ಒಂದು ಸುತ್ತಿಗೆ 250 ಮೀಟರ್. ಪ್ಯಾರಿಸ್‌ನಲ್ಲಿ ಪುರುಷರು ನಾಲ್ಕು ಸುತ್ತು, ಅಂದರೆ ಒಂದು ಕಿಲೊಮೀಟರ್ ತುಳಿಯಬೇಕಿತ್ತು; ಜ್ಯೋತಿಯವರ ವರ್ಗದ ಮಹಿಳೆಯರಿಗೆ ಎರಡು ಸುತ್ತು. ಆ ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರ್ ಒಂದೇ, ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರಬೇಕು. ಎದುರಾಳಿಯನ್ನು ಹಿಂದಿಕ್ಕುವ ಉಪಾಯಗಳಿಗೆ ಇಲ್ಲಿ ಎಡೆಯಿಲ್ಲ. ಸ್ಪರ್ಧೆ ಗಡಿಯಾರದೊಂದಿಗೆ.

ಎಲ್ಲರ ವೈಕಲ್ಯವೂ ಒಂದೇ ಬಗೆಯದಲ್ಲವಷ್ಟೆ. ಅದಕ್ಕೆ ಸಾಧಾರಣ ಸೈಕಲ್ ತುಳಿಯಬಲ್ಲವರನ್ನು ಸಿ1ರಿಂದ ಸಿ5ರವರೆಗೆ ಐದು ವರ್ಗಗಳಾಗಿ ವಿಂಗಡಿಸುತ್ತಾರೆ. ಅಂಕಿ ಚಿಕ್ಕದಾದಷ್ಟೂ ವೈಕಲ್ಯ ಹೆಚ್ಚು. ಬೇರೆ ಬೇರೆ ವರ್ಗದವರು ಒಂದೇ ಪಂದ್ಯದಲ್ಲಿ ಸೇರಿದರೆ, ಹೆಚ್ಚು ವೈಕಲ್ಯವುಳ್ಳವನ ಸಮಯವನ್ನು ನಿಗದಿತ ಶೇಕಡಾ ಪ್ರಮಾಣದಲ್ಲಿ ಇಳಿಸಿ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಪ್ರಮಾಣ ಶೇಕಡಾ 90 ಎಂದಿಟ್ಟುಕೊಂಡರೆ, 80 ಸೆಕೆಂಡಿನಲ್ಲಿ ಮುಗಿಸಿದವನ ಸಮಯ 72 ಎಂದು ದಾಖಲಾಗುತ್ತದೆ. ಇದು ಕನಿಕರದ ರಿಯಾಯಿತಿಯಲ್ಲ. ತಕ್ಕಡಿಯ ಎರಡು ತಟ್ಟೆಗಳನ್ನು ಸರಿಮಾಡುವ ಕ್ರಮ. ನಾವು ಮಾಡುವುದಾದರೋ ಇದರ ವಿರುದ್ಧ: ಮೊದಲು ಅಂಗವಿಕಲನನ್ನು ಪಂದ್ಯದಿಂದ ಹೊರಗಿಟ್ಟು, ಆಮೇಲೆ ಸಮಾಧಾನಕ್ಕೊಂದು ಬಹುಮಾನ ಕೊಡುತ್ತೇವೆ.

ಈ ಪಂದ್ಯವನ್ನು ಆಡುವವರು ಎಷ್ಟು ಗಂಭೀರವಾಗಿ ಪರಿಗಣಿಸುತ್ತಾರೆಂಬುದಕ್ಕೆ 2012ರ ಲಂಡನ್ ಕೂಟದ ಪ್ರಸಂಗವೊಂದು ಸಾಕ್ಷಿ. ಬ್ರಿಟನ್ನಿನ ಜೋಡಿ ಕಂಡಿ ಮೂರು ವರ್ಷದವರಿದ್ದಾಗ ಒಂದು ಪಾದ ಕಳೆದುಕೊಂಡವರು. ಈಜಿನಲ್ಲಿ ಚಿನ್ನ ಗೆದ್ದು ಬಳಿಕ ಸೈಕಲ್ಲಿಗೆ ಬಂದವರು. ಆ ದಿನ ಹಿಂಚಕ್ರವನ್ನು ಹಿಡಿದಿರುವ ಯಂತ್ರದಿಂದ ಹೊರಡುವಾಗಲೇ ಅವರ ಚಕ್ರ ಜಾರಿತು. ದೋಷ ಯಂತ್ರದ್ದೆಂದು ಅವರು ವಾದಿಸಿದರೂ ಅಧಿಕಾರಿಗಳು ಮರು ಅವಕಾಶ ನೀಡಲಿಲ್ಲ. ತುಂಬಿದ ಕ್ರೀಡಾಂಗಣದ ನಡುವೆ ಅವರು ಕೋಪದಿಂದ ಕೂಗಾಡಿದರು. ಆಮೇಲೆ ಕ್ಷಮೆಯನ್ನೂ ಕೇಳಿದರು. 2016ರಲ್ಲಿ ರಿಯೊದಲ್ಲಿ ಅದೇ ಒಂದು ಕಿಲೊಮೀಟರ್ ಪಂದ್ಯದ ಚಿನ್ನ ಗೆದ್ದರು. ಕೂಗಾಟವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಂಗವಿಕಲನೆಂದರೆ ಸದಾ ಕೃತಜ್ಞತೆಯಿಂದ ತಲೆಬಾಗಿರಬೇಕೆಂದು ಬಯಸುವ ನಮ್ಮಂಥವರು ಆ ಕೋಪವನ್ನು ಒಮ್ಮೆ ನೋಡಬೇಕಿತ್ತು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಶಹಾಪುರದ ಕಡೆಯ ಶಾಲೆಯೊಂದರ ಕ್ರೀಡಾಕೂಟಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲೊಬ್ಬ ಹುಡುಗ, ಎಡಗಾಲು ಪೋಲಿಯೊದಿಂದ ಸೊರಗಿತ್ತು. ದಿನವೂ ಹಳ್ಳಿಯಿಂದ ಸೈಕಲ್ಲಿನಲ್ಲೇ ಬರುತ್ತಿದ್ದ. ಬಲಪಾದವನ್ನು ಹಳೆಯ ಟೈರ್ ಟ್ಯೂಬಿನ ಪಟ್ಟಿಯಿಂದ ಪೆಡಲಿಗೆ ಸಿಕ್ಕಿಸಿಕೊಂಡು, ಒಂದೇ ಕಾಲಿನಿಂದ ತುಳಿಯುವುದನ್ನೂ ಎತ್ತುವುದನ್ನೂ ಮಾಡುತ್ತಿದ್ದ. ಅಂತರರಾಷ್ಟ್ರೀಯ ಸ್ಪರ್ಧಿಗಳು ತಮ್ಮ ಬೂಟುಗಳನ್ನು ಪೆಡಲಿಗೆ ಕೊಂಡಿ ಹಾಕಿಕೊಳ್ಳುವುದೂ ಇದೇ ಉದ್ದೇಶಕ್ಕೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಂದು ನಿಧಾನ ಸೈಕಲ್ ಪಂದ್ಯವೂ ಇತ್ತು, ವೇಗದ ಪಂದ್ಯವೂ ಇತ್ತು. ಆ ಹುಡುಗನಿಗೆ ಸಿಕ್ಕ ಕೆಲಸ ಓಡುವವರ ಚಪ್ಪಲಿ ಕಾಯುವುದು. ಬಿದ್ದಾನೆಂಬ ಕಾಳಜಿಯಿಂದಲೇ ಹಾಗೆ ಮಾಡಿದ್ದರು. ತೀರ್ಪುಗಾರನ ಕುರ್ಚಿಯಲ್ಲಿದ್ದ ನಾನೂ ತುಟಿ ಬಿಚ್ಚಲಿಲ್ಲ. ಈಗ ಅವನದೊಂದು ಪಂಕ್ಚರ್ ಅಂಗಡಿಯಿದೆ. ಕಳೆದ ಬಾರಿ ಭೇಟಿಯಾದಾಗ, ಒಂದು ಕಿಲೊಮೀಟರ್ ಎಷ್ಟು ಹೊತ್ತಿನಲ್ಲಿ ತುಳಿಯುತ್ತಿದ್ದೆ ಎಂದು ವಿಚಾರಿಸಿದೆ. "ಯಾರ್ ಎಣಿಸ್ಯಾರ್ರೀ ಸರ್?" ಎಂದು ನಕ್ಕು ಟ್ಯೂಬನ್ನು ನೀರಿನಲ್ಲಿ ಅದ್ದಿದ.

ಸುರಪುರದಿಂದ ತಾಳಿಕೋಟೆ ದಾಟಿ ಹೋದರೆ ವಿಜಯಪುರ. ಆ ಜಿಲ್ಲೆಯೂ ನೆರೆಯ ಬಾಗಲಕೋಟೆಯೂ ರಾಜ್ಯದ ಸೈಕಲ್ ಪಟುಗಳ ತವರು. ಅಲ್ಲಿಯ ಕ್ರೀಡಾ ವಸತಿ ನಿಲಯಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ರೈತರ ಮಕ್ಕಳು ಅನೇಕರು. ಅದೇ ಬಿಸಿಲು, ಅದೇ ಎರೆಭೂಮಿ, ಅದೇ ಜೋಳದ ರೊಟ್ಟಿ. ಆದರೂ ನಮ್ಮ ಜಿಲ್ಲೆಗೆ ಆ ಹವ್ಯಾಸ ಅಂಟಲಿಲ್ಲ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದನ್ನು ನೋಡಿದವನಾಗಿ, ಯಾದಗಿರಿಗೂ ಒಂದು ಬೇಕೆಂದು ಮನವಿಪತ್ರ ಬರೆಯುವವನು ನಾನಲ್ಲ. ಅಳತೆ ಮಾಡಿದ ಒಂದು ಕಿಲೊಮೀಟರ್ ಸಮತಟ್ಟಾದ ಡಾಂಬರು ರಸ್ತೆ, ಬೆಳಗಿನ ಆರು ಗಂಟೆಯ ತಂಪು, ಒಂದು ನಿಲುಗಡಿಯಾರ, ಅರ್ಧ ತಾಸು ವಾಹನ ತಡೆಯುವ ಇಬ್ಬರು ಪೊಲೀಸರು. ಆರಂಭಕ್ಕೆ ಇಷ್ಟೇ ಸಾಕು. 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಇಂದಿಗೂ ಎಷ್ಟೋ ಮನೆಗಳ ಗೋಡೆಗೊರಗಿವೆ.

ಒಂದು ಮಾತನ್ನು ಮುಚ್ಚಿಡಬಾರದು. ಕೈಯಿಂದ ಓಡಿಸುವ ಸೈಕಲ್ಲುಗಳಿಗೆ ಅಂಡಾಕಾರದ ಪಥದಲ್ಲಿ ಸ್ಪರ್ಧೆಯಿಲ್ಲ. ರಸ್ತೆಯ ಟೈಂ ಟ್ರಯಲ್‌ನಲ್ಲಿದೆ. ಆದುದರಿಂದ ಶಾಮಿಯಾನದಲ್ಲಿ ತ್ರಿಚಕ್ರ ಪಡೆದವನಿಗೂ ನಮ್ಮ ಡಾಂಬರು ರಸ್ತೆ ಸಲ್ಲುತ್ತದೆ. ದೃಷ್ಟಿಯಿಲ್ಲದವರಿಗೆ ಜೋಡಿ ಸೈಕಲ್ಲಿದೆ: ಮುಂದೆ ಕಣ್ಣುಳ್ಳವನು, ಹಿಂದೆ ಅಂಧ ಸ್ಪರ್ಧಿ, ಗೆದ್ದರೆ ಇಬ್ಬರಿಗೂ ಪದಕ. ನಮ್ಮ ಯುವಕ ಸಂಘಗಳು 'ಸೇವೆ' ಎಂಬ ಪದವನ್ನು ಬಹಳ ಬಳಸುತ್ತವೆ. ಮುಂದಿನ ಸೀಟಿನಲ್ಲಿ ಕುಳಿತು ತಾನೂ ಬೆವರು ಸುರಿಸುವ ಒಬ್ಬ ಯುವಕ ಸಿಕ್ಕರೆ ಅದೇ ದೊಡ್ಡದು. ಅಂದಹಾಗೆ, ವ್ಯಾಟಿಕನ್ ನಗರವೇ 2021ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಸದಸ್ಯತ್ವ ಪಡೆದಿರುವಾಗ, ಸೈಕಲ್ ಪಂದ್ಯ ಧರ್ಮಕೇಂದ್ರಕ್ಕೆ ಸಲ್ಲದೆಂದು ಯಾರೂ ಆಕ್ಷೇಪಿಸಬೇಕಾಗಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 30ನೆಯ ಕಲಮು ಕ್ರೀಡೆಗೆ ಸಂಬಂಧಿಸಿದ್ದು. ಇಷ್ಟಾದರೂ ಡಿಸೆಂಬರ್ 3ರ ಅಂಗವಿಕಲರ ದಿನದಂದು ನಮ್ಮಲ್ಲಿ ಕುರ್ಚಿಯಾಟ, ಚಮಚ-ನಿಂಬೆಹಣ್ಣಿನ ಆಟಗಳಲ್ಲೇ ಕ್ರೀಡೆ ಮುಗಿಯುವುದುಂಟು. ಬರುವ ಡಿಸೆಂಬರ್ 3ಕ್ಕೆ ಮೂರು ಪಟ್ಟಣಗಳಲ್ಲಿ ಯಾವುದಾದರೂ ಒಂದು ರಸ್ತೆಯಲ್ಲಿ ಸುಣ್ಣದ ಗೆರೆ ಎಳೆಯಲು ಯಾರಾದರೂ ಮುಂದಾಗುವುದಾದರೆ, ಗಡಿಯಾರ ಹಿಡಿಯಲು ನಾನು ಬರುತ್ತೇನೆ. ಪಂಕ್ಚರ್ ಅಂಗಡಿಯವನಿಗೆ ಈಗಾಗಲೇ ಹೇಳಿಟ್ಟಿದ್ದೇನೆ.